1,650 ರೂಪಾಯಿಯ ಸೈಲೆನ್ಸರ್ ಜೊತೆ ಮೂರು ವಾರ

ನನ್ನದು 2012ರ ಆಲ್ಟೊ ಕೆ10. ಸೆಕೆಂಡ್ ಹ್ಯಾಂಡ್. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಓಡಾಡಿ, ಅದಿರಿನ ಕೆಂಪು ಧೂಳು ಹತ್ತಿ, ಬಿಳಿ ಕಾರು ಅಂದರೆ ಯಾರೂ ನಂಬುವುದಿಲ್ಲ. ಹೋದ ಮಳೆಗಾಲದಲ್ಲಿ ಹಿಂದಿನ ಸೈಲೆನ್ಸರ್ ಡಬ್ಬಿ ತೂತಾಯಿತು. ಬೆರಳು ತೂರುವಷ್ಟು ದೊಡ್ಡ ತೂತು. ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ ಕೂಲಿ ಸೇರಿ 4,300 ಅಂದರು. ಅವತ್ತೇ ರಾತ್ರಿ ಮೊಬೈಲಿನಲ್ಲಿ ಒಂದು ಫಳಫಳ ಹೊಳೆಯುವ ಸ್ಪೋರ್ಟ್ಸ್ ಸೈಲೆನ್ಸರ್ ಕಂಡಿತು. ಬೆಲೆ 1,650. ಎಲ್ಲಾ ಕಾರಿಗೂ ಹೊಂದುತ್ತದೆ ಅಂತ ಬರೆದಿತ್ತು. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಪಾರ್ಸೆಲ್ ಬಂತು. ಮೈಮೇಲೆ ‘ಎಸ್‌ಎಸ್ 304’ ಅಂತ ಕೆತ್ತಿತ್ತು, ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲು. ಫ್ರಿಜ್ ಮೇಲಿನ ಅಯಸ್ಕಾಂತ ತಂದು ಹಿಡಿದೆ, ಟಕ್ ಅಂತ ಅಂಟಿತು. 304 ಸ್ಟೀಲು ಹಾಗೆ ಗಟ್ಟಿಯಾಗಿ ಅಂಟುವುದಿಲ್ಲ. ಅಂಟಿತು ಅಂದಮಾತ್ರಕ್ಕೆ ಬರೀ ಕಬ್ಬಿಣ ಅಂತಲೂ ಅಲ್ಲ. 409 ಅನ್ನುವ ಸ್ಟೀಲು ಕೂಡ ಅಂಟುತ್ತದೆ, ಕಾರು ಕಂಪನಿಗಳು ಸೈಲೆನ್ಸರಿಗೆ ಜಾಸ್ತಿ ಬಳಸುವುದೂ ಅದನ್ನೇ. ಆದರೆ 304 ಅಂತ ಕೆತ್ತಿ ಬೇರೇನೋ ಕೊಟ್ಟರೆ ಅದು ಸುಳ್ಳು ತಾನೇ? ಹತ್ತೇ ದಿನಕ್ಕೆ ಅಂಚಿನಲ್ಲೆಲ್ಲಾ ತುಕ್ಕು ಕಾಣಿಸಿತು.

ಬಿಚ್ಚುವ ಕೆಲಸ ಮಾತ್ರ ನಾನೇ ಮಾಡಿದೆ, ಮನೆ ಮುಂದಿನ ಬೇವಿನ ಮರದ ಕೆಳಗೆ. ಗೆಳೆಯನಿಂದ ಎರಡು ಜಾಕ್ ಸ್ಟ್ಯಾಂಡ್ ತಂದಿದ್ದೆ. ಬರೀ ಜಾಕಿ ನಂಬಿ, ಇಲ್ಲಾ ಇಟ್ಟಿಗೆ ಜೋಡಿಸಿ ಕಾರಿನ ಕೆಳಗೆ ತೂರಬೇಡಿ, ದಮ್ಮಯ್ಯ. ಪಕ್ಕದ ಬೀದಿಯ ಜೀನ್ಸ್ ಹೊಲಿಯುವವರು ಒಂದು ಗೋಣಿ ಚೂರುಬಟ್ಟೆ ಪುಕ್ಕಟೆ ಕೊಟ್ಟರು. ಮಲಗುವುದಕ್ಕೂ ಅದೇ, ಕೈ ಒರೆಸುವುದಕ್ಕೂ ಅದೇ. ಬಳ್ಳಾರಿಯಲ್ಲಿ ಇದಕ್ಕೊಂದು ಬರವಿಲ್ಲ ನೋಡಿ. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದಿದ್ದೆ. ಒಂದು ಬಿಚ್ಚಿಕೊಂಡಿತು, ಇನ್ನೊಂದು ಕಟ್ ಅಂತ ಮುರಿಯಿತು. ಗ್ರೈಂಡರ್ ಹಿಡಿಯಬೇಕಾಯಿತು.

ಹಳೇ ಡಬ್ಬಿ ಬಗ್ಗಿಸಿದರೆ ಅರ್ಧ ಲೋಟ ಕಂದು ನೀರು ಸುರಿಯಿತು. ಮಳೆ ನೀರು ಅಂದುಕೊಂಡೆ, ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ, ಹಬೆಯಾಗಿ ಹೋಗುತ್ತದೆ. ಪೈಪು ಚೆನ್ನಾಗಿ ಕಾದರೆ ಎಲ್ಲಾ ಹೊರಗೆ. ನನ್ನ ಕಾರನ್ನು ಹಳೇ ಮಾಲೀಕರು ಕೌಲ್ ಬಜಾರ್ ತನಕ ತರಕಾರಿಗೆ, ವಾಪಸ್ ಮನೆಗೆ, ಅಷ್ಟಕ್ಕೇ ಓಡಿಸುತ್ತಿದ್ದರು. ಕಾಯುವ ಮೊದಲೇ ಎಂಜಿನ್ ಬಂದ್. ನೀರು ಡಬ್ಬಿಯಲ್ಲೇ ನಿಂತು ಒಳಗಿನಿಂದ ತಿಂದಿದೆ.

ಹೊಸ ಡಬ್ಬಿಯ ಬಾಯಿ ನಮ್ಮ ಪೈಪಿಗಿಂತ ಅಗಲ. ನಡುವೆ ಒಂದು ತುಂಡು ಬೇಕಾಯಿತು. ನಮ್ಮ ಭಾವ ಬೋರ್‌ವೆಲ್ ಕೆಲಸದಲ್ಲಿ ಉಳಿದ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ತಂದುಕೊಟ್ಟರು, ಸುಮ್ನೆ ಸಿಗುತ್ತೆ ಅಂತ. ಸಿರುಗುಪ್ಪ ರಸ್ತೆಯ ಶೆಡ್‌ನಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಮಾಡುವ ವೆಲ್ಡರ್ ಅದನ್ನು ನೋಡಿ ಪಕ್ಕಕ್ಕೆ ಎಸೆದ. “ಇದರ ಸತುವಿನ ಹೊಗೆ ಕುಡಿದ್ರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ ಸರ್.” ನಿಜ, ಜಿಐ ಮೇಲಿನ ಸತುವಿನ ಲೇಪ ಸುಟ್ಟರೆ ಆ ಹೊಗೆಗೆ ಜ್ವರ ಬರುತ್ತದೆ. 480 ಕೊಟ್ಟು ಸ್ಟೀಲ್ ಪೈಪ್ ತಂದೆ. ಕಾರು ಒಳಗೆ ತರುವುದೇ ಬೇಡ, ಪೈಪ್ ಮಾತ್ರ ತನ್ನಿ ಅಂದ. ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇದೆಯಲ್ಲ. ಅಳತೆ ನೋಡಿ, ಎರಡು ಸಲ ಹಚ್ಚಿ ತೆಗೆದು, ಸುತ್ತಲೂ ಒಂದೇ ಸಮ ಬೆಸುಗೆ ಹಾಕಿಕೊಟ್ಟ. 500 ರೂಪಾಯಿ. ಈ ಇಡೀ ಸಾಹಸದಲ್ಲಿ ಐದಕ್ಕೆ ಐದು ಕೊಡುವುದು ಈ ಶೆಡ್‌ಗೆ, ಮತ್ತೆ 60 ರೂಪಾಯಿಗೊಂದರಂತೆ ತಂದ, ಡಬ್ಬಿಯನ್ನು ಕಾರಿನ ಕೆಳಗೆ ನೇತುಹಾಕುವ ಎರಡು ಹ್ಯಾಂಗರ್ ರಬ್ಬರಿಗೆ. ರಬ್ಬರ್ ಬದಲಾಯಿಸಿದ ಮೇಲೆ ಹಂಪ್ ಹತ್ತಿದಾಗ ಬರುತ್ತಿದ್ದ ಧಡ್ ಧಡ್ ಪೂರ್ತಿ ನಿಂತಿತು.

ಇನ್ನು ಸೌಂಡು. ಮೂರು ಸಿಲಿಂಡರ್, 998 ಸಿಸಿ. ಅದರಿಂದ ಘರ್ಜನೆ ಎಲ್ಲಿಂದ ಬರಬೇಕು? ಸ್ಟಾರ್ಟ್ ಮಾಡಿದರೆ ಭತ್ತದ ಗದ್ದೆಗೆ ಇಳಿದ ಪವರ್ ಟಿಲ್ಲರ್. ಕೆಳಮನೆಯ ತಾತ ಹೊರಗೆ ಬಂದು, “ಏನಪ್ಪಾ, ಬೋರ್ ಹೊಡಸಾಕತ್ತೀಯೇನು?” ಅಂದರು. ಊರೊಳಗೆ ಇದು ತಮಾಷೆ. ಹೊಸಪೇಟೆ ರಸ್ತೆಯಲ್ಲಿ 65ರಿಂದ 75ರ ಸ್ಪೀಡಿನಲ್ಲಿ ಮಾತ್ರ ಗುಂಯ್ ಅಂತ ಒಂದೇ ಸಮ ಕಿವಿಯೊಳಗೆ ಕೂರುತ್ತದೆ. ನಾನು ದಿನಾ ಹೋಗುವುದೇ ಆ ಸ್ಪೀಡಿನಲ್ಲಿ. ಕಂಪನಿ ಡಬ್ಬಿಯೊಳಗೆ ಕೋಣೆಗಳಿವೆ, ಅಡ್ಡಗೋಡೆಗಳಿವೆ. ಸದ್ದು ಅಲ್ಲಿ ತಿರುಗಿ ಬಡಿದುಕೊಂಡು ತಾನೇ ಸಾಯುತ್ತದೆ. ಇದರಲ್ಲಿ ಒಂದು ತೂತಿನ ಕೊಳವೆ, ಸುತ್ತ ಒಂದಿಷ್ಟು ಗಾಜಿನ ಉಣ್ಣೆ, ಅಷ್ಟೇ. ಪಿಕಪ್ ಒಂದು ಚೂರೂ ಹೆಚ್ಚಲಿಲ್ಲ, ಮೈಲೇಜ್ ಇದ್ದಷ್ಟೇ ಇತ್ತು.

190 ರೂಪಾಯಿಯ ಸೈಲೆನ್ಸರ್ ಪೇಸ್ಟ್ ಬಗ್ಗೆ ಒಂದೇ ಮಾತು: ಸೂಜಿತೂತಿಗೆ ಸರಿ, ಅಲ್ಲಾಡುವ ಜಾಯಿಂಟಿಗೆ ಬೇಡ. ನಾಲ್ಕನೇ ದಿನ ಬಿರುಕು ಬಿಟ್ಟಿತು. ಸುಧಾ ಕ್ರಾಸ್‌ನಲ್ಲಿ ಗಾಡಿ ನಿಂತಾಗ ಹೊಗೆ ವಾಸನೆ ಒಳಗೆ ಬಂತು. ವಾಸನೆ ಬಂದದ್ದೇ ಪುಣ್ಯ, ಅದರ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಅವತ್ತೇ ಸಂಜೆ ಜಾಯಿಂಟಿನ ಸಂದು ಮುಚ್ಚುವ 120 ರೂಪಾಯಿಯ ಗ್ಯಾಸ್ಕೆಟ್ ತಂದು ಕೂರಿಸಿದೆ.

ಒಬ್ಬ ಮೆಕ್ಯಾನಿಕ್ ಮುಂದಿನ ಕ್ಯಾಟಲಿಟಿಕ್ ಕನ್ವರ್ಟರನ್ನೂ, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿಯನ್ನೂ ಕತ್ತರಿಸಿ ಅಂದ. ಅದನ್ನು ತಾನೇ ಕೊಳ್ಳುತ್ತೇನೆ ಅಂತಲೂ ಸೇರಿಸಿದ. ಕೊಳ್ಳದೆ ಏನು, ಒಳಗಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ! ಮುಟ್ಟಗೊಡಲಿಲ್ಲ. ಬಿಎಸ್4 ಅನ್ನುವ ಹೊಗೆ ನಿಯಮದ ಪೆಟ್ರೋಲ್ ಕಾರಿಗೆ, ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ ದಾಟುವಂತಿಲ್ಲ. ಕನ್ವರ್ಟರೇ ಹೋದರೆ ಎಮಿಷನ್ ಟೆಸ್ಟ್ ಹೇಗೆ ಪಾಸಾಗಬೇಕು? ಕಾನೂನನ್ನು ನಾನು ಓದಿದ್ದು ಮಾತ್ರ ಎಲ್ಲಾ ಮುಗಿದ ಮೇಲೆ. ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿ ಬಂದ ಮೇಲೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಬೀಳಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ 10,000ದವರೆಗೆ.

ಮೂರನೇ ವಾರ ತೆಗೆದುಹಾಕಿದೆ. ಮಾರಿದವರು ವೆಲ್ಡಿಂಗ್ ಆದ ಮಾಲು ವಾಪಸ್ ತೆಗೆದುಕೊಳ್ಳಲ್ಲ ಅಂದರು, ಅದು ಸರಿಯೇ. ಕಂಪನಿ ಮಾದರಿಯದೇ ಸಾದಾ ಡಬ್ಬಿ ಬಿಡಿಭಾಗದ ಅಂಗಡಿಯಲ್ಲಿ 1,900ಕ್ಕೆ ಸಿಕ್ಕಿತು. ಅದೇ ವೆಲ್ಡರ್ 300 ತೆಗೆದುಕೊಂಡು, ನಗುತ್ತಾ ಹಚ್ಚಿಕೊಟ್ಟ. ಒಟ್ಟು 5,260. ಸರ್ವಿಸ್ ಸೆಂಟರ್‌ಗಿಂತ 960 ಜಾಸ್ತಿ. ಸ್ಪೋರ್ಟ್ಸ್ ಡಬ್ಬಿಗೆ ಐದಕ್ಕೆ ಒಂದು, ಅದೂ ಹೊಳಪಿಗೆ. ಸಾದಾ ಡಬ್ಬಿಗೆ ಸದ್ಯಕ್ಕೆ ನಾಲ್ಕು. ಒಂದು ಮಳೆಗಾಲ ಕಳೆಯಲಿ, ನೋಡೋಣ.

ಈಗ 40ರ ಸ್ಪೀಡಿನಲ್ಲಿ ಪೈಪಿನ ಬಿಸಿ ತಡೆಯುವ ತಗಡು, ಹೀಟ್ ಶೀಲ್ಡ್, ಕಿಣಿಕಿಣಿ ಅನ್ನುತ್ತಿದೆ. 35 ರೂಪಾಯಿಯ ಕ್ಲಾಂಪ್ ತಂದಿಟ್ಟಿದ್ದೇನೆ. ಬೇವಿನ ಮರದ ನೆರಳು ಹತ್ತು ಗಂಟೆಯವರೆಗೆ ಮಾತ್ರ, ಭಾನುವಾರ ಬೇಗ ಏಳಬೇಕು.