ಗುನಿಕಾರ್ನ್ ಕಾಯಲು ಯಾರು: ಸಿಸ್ಟಮ್‌ಡಿಯೋ, ಸೂಪರ್‌ವೈಸರೋ, ಪಿಎಂ2ವೋ?

ಗುನಿಕಾರ್ನ್ ಪೈಥಾನ್ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರ್; ಸಿಸ್ಟಮ್‌ಡಿ, ಸೂಪರ್‌ವೈಸರ್, ಪಿಎಂ2 ಅದನ್ನು ಎಬ್ಬಿಸಿ, ಬಿದ್ದರೆ ಮತ್ತೆ ಎಬ್ಬಿಸುವ ಕಾವಲುಗಾರರು. ರೀಬೂಟ್ ಆದ ಮೇಲೆ ಆ್ಯಪ್ ತಾನಾಗಿ ಏಳಬೇಕು, ಅಷ್ಟೇ ಸಾಕು ಅನ್ನುವವರಿಗೆ ಮೂರರಲ್ಲಿ ಯಾವುದಾದರೂ ಆದೀತು. ವ್ಯತ್ಯಾಸ ಕಾಣುವುದು ಆ್ಯಪ್ ಬಿದ್ದಾಗ, ಇಲ್ಲವೇ ನಾವೇ ನಿಲ್ಲಿಸಿದಾಗ. ಉಬುಂಟು 22.04, ಮುಂದೆ ರಿಕ್ವೆಸ್ಟ್‌ಗಳನ್ನು ಬರಮಾಡಿಕೊಳ್ಳುವ ವೆಬ್ ಸರ್ವರ್ ಎಂಜಿನ್‌ಎಕ್ಸ್, ಹಿಂದೆ 8000 ಪೋರ್ಟಿನಲ್ಲಿ ಗುನಿಕಾರ್ನ್, ಅದರೊಳಗೆ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆ್ಯಪ್: ಇದೇ ಜೋಡಣೆಯನ್ನು ಮೂರರ ಕೈಗೂ ಕೊಟ್ಟು ನೋಡಿದ್ದು.

ಸಿಸ್ಟಮ್‌ಡಿಗೆ ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸರ್ವಿಸ್‌ನ ವಿವರ ಬರೆಯುವ ಯೂನಿಟ್ ಫೈಲಿನಲ್ಲಿ, ಯಾವ ಕಮಾಂಡ್ ಓಡಿಸಬೇಕೆಂದು ಹೇಳುವ ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗಿರುವ ಗುನಿಕಾರ್ನ್‌ನ ಪೂರ್ತಿ ಪಾತ್ ಬರೆಯಿರಿ. ಆ್ಯಕ್ಟಿವೇಟ್ ಮಾಡುವ ಗೋಜಿಲ್ಲ. ಈ ಸಾಲನ್ನು ಶೆಲ್ ಓದುವುದಿಲ್ಲ, ಹಾಗಾಗಿ ಪೈಪ್, ರೀಡೈರೆಕ್ಟ್ ಯಾವುದೂ ನಡೆಯದು. ಶೆಲ್‌ನ ಸೆಟ್ಟಿಂಗ್ ಫೈಲ್ ಬ್ಯಾಶ್‌ಆರ್‌ಸಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ ಪಾಸ್‌ವರ್ಡೂ ಸಿಗದು. ಅದನ್ನು ಬೇರೆ ಫೈಲಿಗೆ ಹಾಕಿ, ಆ ಫೈಲಿನ ಪಾತ್ ಅನ್ನು ಯೂನಿಟ್‌ನ ಎನ್ವಿರಾನ್‌ಮೆಂಟ್‌ಫೈಲ್ ಸಾಲಿನಲ್ಲಿ ಬರೆಯಿರಿ. ಸರ್ವಿಸ್ ಏಳದಿದ್ದರೆ ಸ್ಟೇಟಸ್‌ನ ಅಂಕಿ ನೋಡಿದರೆ ಅರ್ಧ ಕೆಲಸ ಮುಗಿದಂತೆ: 203 ಅಂದರೆ ಪಾತ್ ತಪ್ಪಿದೆ ಅಥವಾ ಎಕ್ಸಿಕ್ಯೂಟ್ ಪರ್ಮಿಷನ್ ಇಲ್ಲ, 200 ಅಂದರೆ ವರ್ಕಿಂಗ್ ಡೈರೆಕ್ಟರಿಗೆ ಹೋಗಲಾಗಿಲ್ಲ, 217 ಅಂದರೆ ಯೂಸರ್ ಇಲ್ಲ.

ಎಡವುವುದು ರೀಸ್ಟಾರ್ಟ್ ಲೆಕ್ಕದಲ್ಲಿ. ಬಿದ್ದ ಮೇಲೆ ಮತ್ತೆ ಎಬ್ಬಿಸುವ ಮುನ್ನ ಕಾಯುವ ಹೊತ್ತು ರೀಸ್ಟಾರ್ಟ್‌ಸೆಕ್; ಬರೆಯದಿದ್ದರೆ ಅದು 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿಯೂ ನಿಲ್ಲದಿದ್ದರೆ ಸಿಸ್ಟಮ್‌ಡಿ ಕೈಬಿಡುತ್ತದೆ, ಮತ್ತೆ ತಿರುಗಿ ನೋಡುವುದಿಲ್ಲ. ಜಾಂಗೋ ಸಾಮಾನ್ಯವಾಗಿ ಮೊದಲ ರಿಕ್ವೆಸ್ಟ್ ಬರುವವರೆಗೂ ಡೇಟಾಬೇಸ್ ಮುಟ್ಟದು. ಆದರೆ ಆ್ಯಪ್‌ಗೆ ಮೊದಲು ಓಡುವ ಎಕ್ಸೆಕ್‌ಸ್ಟಾರ್ಟ್‌ಪ್ರೀಯಲ್ಲಿ ಮೈಗ್ರೇಟ್ (ಡೇಟಾಬೇಸ್ ಟೇಬಲ್‌ಗಳನ್ನು ಹೊಸ ಕೋಡಿಗೆ ಹೊಂದಿಸುವ ಕಮಾಂಡ್) ಇಟ್ಟಿದ್ದು, ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಇನ್ನೊಂದು ಮಷಿನ್‌ನಲ್ಲಿ ನಿಧಾನಕ್ಕೆ ಎದ್ದರೆ ಐದೂ ಸಲ ವ್ಯರ್ಥ. ರೀಸ್ಟಾರ್ಟ್ = ಆನ್-ಫೇಲ್ಯೂರ್, ರೀಸ್ಟಾರ್ಟ್‌ಸೆಕ್ = 5 ಎಂದು ಬರೆದರೆ 10 ಸೆಕೆಂಡಿನಲ್ಲಿ ಎರಡೋ ಮೂರೋ ಪ್ರಯತ್ನ ಮಾತ್ರ; ಮಿತಿ ಮುಟ್ಟುವುದೇ ಇಲ್ಲ. ಫೈಲ್ ತಿದ್ದಿದ ಮೇಲೆ ಡೀಮನ್-ರೀಲೋಡ್ ಮರೆಯಬೇಡಿ. ಸ್ಟಾರ್ಟ್ (ಈಗಲೇ ಎಬ್ಬಿಸುವುದು) ಬೇರೆ, ಎನೇಬಲ್ (ಪ್ರತಿ ಬೂಟಿಗೂ ಎಬ್ಬಿಸುವಂತೆ ಮಾಡುವುದು) ಬೇರೆ ಅನ್ನುವುದನ್ನೂ.

ಸೂಪರ್‌ವೈಸರ್‌ನ ಕಾನ್ಫಿಗ್ ಓದಲು ಹಿತ, ಲಾಗ್ ರೊಟೇಷನ್ ಜೊತೆಗೇ ಬರುತ್ತದೆ: 50 ಎಂಬಿ ತುಂಬಿದರೆ ಹೊಸ ಫೈಲ್, ಹಳೆಯವು 10. ಇಷ್ಟು ಹೊಗಳಿದ್ದಾಯಿತು. ನಿಲ್ಲಿಸುವಾಗ ಅದು ಕಾಯುವುದು 10 ಸೆಕೆಂಡ್, ಆಮೇಲೆ ಸಿಗ್‌ಕಿಲ್, ಅಂದರೆ ಬಲವಂತದ ಕೊಲೆ. ಗುನಿಕಾರ್ನ್ ತನ್ನ ವರ್ಕರ್‌ಗಳಿಗೆ ಕೈಲಿದ್ದ ರಿಕ್ವೆಸ್ಟ್ ಮುಗಿಸಲು ಕೊಡುವ ಗಡುವು 30 ಸೆಕೆಂಡ್. ದೊಡ್ಡ ರಿಪೋರ್ಟ್ ತಯಾರಾಗುತ್ತಿರುವಾಗ ಡಿಪ್ಲಾಯ್ ಮಾಡಿದರೆ ಬಳಕೆದಾರರಿಗೆ 502 (ಹಿಂದಿನ ಸರ್ವರ್‌ನಿಂದ ಉತ್ತರ ಸಿಗಲಿಲ್ಲ ಎನ್ನುವ ಎರರ್) ಕಾಣಬಹುದು. ಸ್ಟಾಪ್‌ವೇಟ್‌ಸೆಕ್ಸ್ ಅನ್ನು 35ಕ್ಕೆ ಏರಿಸಿ. ಸಿಸ್ಟಮ್‌ಡಿ 90 ಸೆಕೆಂಡ್ ಕಾಯುವುದರಿಂದ ಅಲ್ಲಿ ಈ ಪೇಚಿಲ್ಲ.

ಸ್ಟಾರ್ಟ್‌ಸೆಕ್ಸ್‌ನದು ಇನ್ನೂ ಮೋಸದ ಆಟ. ಪ್ರೊಸೆಸ್ 1 ಸೆಕೆಂಡ್ ಬದುಕಿದರೆ ಸಾಕು, ಸೂಪರ್‌ವೈಸರ್ ‘ರನ್ನಿಂಗ್’ ಅನ್ನುತ್ತದೆ. ಜಾಂಗೋ ಇಂಪೋರ್ಟ್ ಎರರ್ ಕೊಡಲು ಎರಡು ಸೆಕೆಂಡ್ ತೆಗೆದುಕೊಂಡರೆ, ಬೀಳುವುದು ಏಳುವುದು ಕೊನೆಯಿಲ್ಲದೆ ನಡೆಯುತ್ತದೆ, ಸ್ಟೇಟಸ್ ಮಾತ್ರ ಹಸನಾಗಿ ಕಾಣುತ್ತಿರುತ್ತದೆ. ನೋಡಬೇಕಾದ್ದು ಅಪ್‌ಟೈಮ್: ಅದು ಮತ್ತೆ ಮತ್ತೆ ಸೊನ್ನೆಗೆ ಇಳಿಯುತ್ತಿದ್ದರೆ ಆ್ಯಪ್ ಸತ್ತಿದೆ. ಸ್ಟಾರ್ಟ್‌ಸೆಕ್ಸ್ ಅನ್ನು 10 ಮಾಡಿದರೆ ಕೆಲವು ಪ್ರಯತ್ನಗಳ ನಂತರ ‘ಫೇಟಲ್’ ಎಂದು ನೇರವಾಗಿ ಹೇಳುತ್ತದೆ. ಇನ್ನು, ಎನ್ವಿರಾನ್‌ಮೆಂಟ್ ಸಾಲಿನ ಪಾಸ್‌ವರ್ಡ್‌ನಲ್ಲಿ % ಇದ್ದರೆ %% ಎಂದು ಬರೆಯಬೇಕು. ಕಾನ್ಫಿಗ್ ಬದಲಿಸಿ ಬರೀ ರೀಸ್ಟಾರ್ಟ್ ಕೊಟ್ಟರೆ ಹಳೆಯದೇ ಓಡುತ್ತದೆ. ಅಪ್‌ಡೇಟ್ ಕೊಡಬೇಕು.

ಪಿಎಂ2 ನೋಡ್ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಆ್ಯಪ್‌ಗಳ ಮನೆಯ ಸಾಧನ. ಪೈಥಾನ್‌ಗೆ ಒಗ್ಗಿಸಬಹುದು, ಒಗ್ಗಿಸಲು ಕಾರಣವಿಲ್ಲ. ನಿಲ್ಲಿಸುವಾಗ ಕಾಯುವುದು 1.6 ಸೆಕೆಂಡ್. ಪಿಎಂ2 ಸೇವ್ ಕೊಡದೆ ರೀಬೂಟ್ ಮಾಡಿದರೆ ಹೊಸದಾಗಿ ಸೇರಿಸಿದ ಆ್ಯಪ್ ಪಟ್ಟಿಯಲ್ಲೇ ಇರದು.

ತಮಾಷೆಯೆಂದರೆ ಉಬುಂಟುವಿನಲ್ಲಿ ಸೂಪರ್‌ವೈಸರನ್ನೂ ಪಿಎಂ2ವನ್ನೂ ಬೂಟ್ ವೇಳೆ ಎಬ್ಬಿಸುವುದು ಸಿಸ್ಟಮ್‌ಡಿಯೇ. ಒಂದೇ ಆ್ಯಪ್ ಇರುವಲ್ಲಿ ನಡುವೆ ಇನ್ನೊಬ್ಬ ಮೇಸ್ತ್ರಿ ಯಾಕೆ? ಸಿಸ್ಟಮ್‌ಡಿ ಇಲ್ಲದ ಕಂಟೇನರ್ ಒಳಗೆ ಎರಡು ಮೂರು ಪ್ರೊಸೆಸ್ ಓಡಿಸಲೇಬೇಕಿದ್ದರೆ ಸೂಪರ್‌ವೈಸರ್ ಸರಿ.

ಸೂಪರ್‌ವೈಸರ್‌ನಿಂದ ಸಿಸ್ಟಮ್‌ಡಿಗೆ ಬರುವವರು ಹಳೆಯ ಕಾನ್ಫಿಗ್ ತೆಗೆದು, ಅಪ್‌ಡೇಟ್ ಕೊಟ್ಟು, 8000 ಪೋರ್ಟ್ ಖಾಲಿಯಾಗಿದೆಯೇ ಎಂದು ಎಸ್‌ಎಸ್ ಕಮಾಂಡಿನಲ್ಲಿ ನೋಡಿಕೊಂಡೇ ಹೊಸ ಸರ್ವಿಸ್ ಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದು ಹೊಸ ಗುನಿಕಾರ್ನ್ ಮತ್ತೆ ಮತ್ತೆ ಬೀಳುತ್ತಿರುತ್ತದೆ, ಸೈಟಿಗೆ ಉತ್ತರ ಕೊಡುವುದು ಹಳೆಯ ಕೋಡ್.