ವೈರ್‌ಲೆಸ್ ಕೀಬೋರ್ಡ್ ಮತ್ತು ಮೌಸ್: ಮೂರು ವರ್ಷ ಬಳಸಿದ ಮೇಲೆ

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಿಂದಲೇ ಕನ್ನಡ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪುಸ್ತಕದ ಹಸ್ತಪ್ರತಿ ಎಂದು ದಿನಕ್ಕೆ ಆರೇಳು ಗಂಟೆ ಕೈ ಕೀಲಿಗಳ ಮೇಲೆಯೇ ಇರುತ್ತದೆ. ಒಂದೇ ಯುಎಸ್‌ಬಿ ರಿಸೀವರ್‌ನಿಂದ ನಡೆಯುವ ಈ ಕೀಬೋರ್ಡ್ ಮತ್ತು ಮೌಸನ್ನು ಕೊಂಡು ಮೂರು ವರ್ಷವಾಯಿತು. ಮೊದಲ ವರ್ಷ ಯಾರಾದರೂ ಕೇಳಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ.

ಹತ್ತು ನಿಮಿಷ ಪ್ರೂಫ್ ಓದಿ ಮತ್ತೆ ಮೌಸ್ ಹಿಡಿದರೆ ಪಾಯಿಂಟರ್ ಕದಲುತ್ತಿರಲಿಲ್ಲ. ಬಿಡುವಿನ ನಂತರ ‘ಕಾವೇರಿ’ ಎಂದು ಒತ್ತಿದರೆ ಮೊದಲ ಕೀಲಿ ನುಂಗಿಹೋಗಿ ತೆರೆಯ ಮೇಲೆ ‘ಆವೇರಿ’ ಮೂಡುತ್ತಿತ್ತು. ಇನ್ನು ಕೆಲವೊಮ್ಮೆ ಭರದಿಂದ ಟೈಪ್ ಮಾಡುತ್ತಿರುವಾಗಲೇ ನಡುವಿನ ಕೀಲಿ ಬಿಟ್ಟುಹೋಗುತ್ತಿತ್ತು. ನಾನು ಬಳಸುವ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ಅದೊಂದು ತಪ್ಪಿದರೆ ‘ಮಂಡ್ಯ’ ಹೋಗಿ ‘ಮಂಡಯ’ ಆಗುತ್ತದೆ. ಒಂದು ಲಗ್ನಪತ್ರಿಕೆಯಲ್ಲಿ ಕಲ್ಯಾಣಮಂಟಪದ ವಿಳಾಸ ಹಾಗೆಯೇ ಕೊನೆಯ ಪ್ರೂಫ್‌ವರೆಗೂ ಬಂದುಬಿಟ್ಟಿತ್ತು.

ರಿಪೇರಿ ಅಂಗಡಿಯವರು ಸೆಲ್ ಬದಲಿಸಿ ನೋಡಿ, “ಇದು ಹೋಗಿದೆ ಸಾರ್, ಬೇರೆ ತಗೊಳ್ಳಿ” ಎಂದರು. ಮನಸ್ಸು ಒಪ್ಪದೆ ರಿಸೀವರನ್ನು ಮಗಳ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಎರಡು ದಿನ ಬಳಸಿದೆ. ಅಲ್ಲಿ ಪಾಯಿಂಟರ್ ಒಮ್ಮೆಯೂ ನಿಲ್ಲಲಿಲ್ಲ, ಆದರೆ ಮೊದಲ ಅಕ್ಷರ ನುಂಗುವುದು ಅಲ್ಲಿಯೂ ತಪ್ಪಲಿಲ್ಲ. ಎಲ್ಲಕ್ಕೂ ಒಂದೇ ಕಾರಣವಿರಲಾರದು ಎಂದು ಹೊಳೆದದ್ದು ಆಗಲೇ.

ಪಾಯಿಂಟರ್ ನಿಂತಾಗ ಮೌಸನ್ನು ತಿರುವಿ ನೋಡಿದರೆ ತಳದ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ಮೌಸ್ ಎಚ್ಚರವಾಗಿತ್ತು, ಮಲಗಿದ್ದದ್ದು ರಿಸೀವರ್ ಸಿಕ್ಕಿಸಿದ್ದ ಯುಎಸ್‌ಬಿ ಪೋರ್ಟ್. ಕೆಲಸವಿಲ್ಲದ ಯುಎಸ್‌ಬಿ ಸಾಧನವನ್ನು ವಿಂಡೋಸ್ ವಿದ್ಯುತ್ ಉಳಿಸಲೆಂದು ಸಸ್ಪೆಂಡ್ ಸ್ಥಿತಿಗೆ ತಳ್ಳುತ್ತದೆ, ಮತ್ತು ಎಲ್ಲ ರಿಸೀವರ್‌ಗಳೂ ಅಲ್ಲಿಂದ ಸರಿಯಾಗಿ ಎದ್ದು ಬರುವುದಿಲ್ಲ. ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪ್‌ಗೆ ಈ ಉಳಿತಾಯ ಬೇಕಾದೀತು, ಗೋಡೆಯ ಪ್ಲಗ್ಗಿನಿಂದ ನಡೆಯುವ ನನ್ನ ಡೆಸ್ಕ್‌ಟಾಪ್‌ಗೆ ಖಂಡಿತ ಬೇಡ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡನ್ನು ಡಿಸೇಬಲ್ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿಯೊಂದು ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಲು ಅನುಮತಿ ಕೊಡುವ ಟಿಕ್ ಗುರುತನ್ನು ತೆಗೆದೆ. ಅಂದಿನಿಂದ ಪಾಯಿಂಟರ್ ನಿಂತಿಲ್ಲ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎರಡು ಸಲ ಆ ಟಿಕ್ ತಾನಾಗಿ ಮರಳಿ ಬಂದಿದ್ದರಿಂದ, ಈಗ ಪ್ರತಿ ಅಪ್‌ಡೇಟ್ ನಂತರ ಒಮ್ಮೆ ತೆರೆದು ನೋಡುತ್ತೇನೆ.

ಮೊದಲ ಅಕ್ಷರ ನುಂಗುತ್ತಿದ್ದದ್ದು ಕೀಬೋರ್ಡಿನದೇ ಫರ್ಮ್‌ವೇರ್, ಅಂದರೆ ಅದರೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ. ಸೆಲ್ ಉಳಿಸಲೆಂದು ಮಲಗಿ, ಏಳುವಾಗ ಒತ್ತಿದ ಕೀಲಿಯನ್ನು ಕಳೆದುಬಿಡುತ್ತಿತ್ತು. ತಯಾರಕರ ಜಾಲತಾಣದಲ್ಲಿದ್ದ ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಸರಿಹೋಯಿತು. ಹಾಕುವ ಮುನ್ನ ಹೊಸ ಸೆಲ್ ತುಂಬಿಕೊಳ್ಳಿ, ತಂತಿಯ ಮೌಸ್ ಒಂದನ್ನು ಸಿಕ್ಕಿಸಿಕೊಂಡಿರಿ, ಯುಪಿಎಸ್ ಇಲ್ಲದೆ ಕೈಹಾಕಬೇಡಿ. ನಡುವೆ ಕರೆಂಟ್ ಹೋದರೆ ರಿಸೀವರ್ ಮತ್ತೆ ಏಳದೆಯೂ ಇರಬಹುದು.

ನಡುವಿನ ಕೀಲಿ ತಪ್ಪುವುದು ಮಾತ್ರ ಇದಾವುದಕ್ಕೂ ಬಗ್ಗಲಿಲ್ಲ. ಗಮನಿಸುತ್ತ ಹೋದಾಗ, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ಆಗುತ್ತಿರುವಾಗಲಷ್ಟೇ ಅದು ನಡೆಯುತ್ತಿದೆ ಎಂದು ತಿಳಿಯಿತು. ಯುಎಸ್‌ಬಿ 3.0 ಹೊಮ್ಮಿಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್‌ನ ವೈರ್‌ಲೆಸ್ ಸಾಧನಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ 2012ರಲ್ಲೇ ಪ್ರಕಟಿಸಿತ್ತು. ನನ್ನ ರಿಸೀವರ್ ಇದ್ದದ್ದು ಆ ಡಿಸ್ಕಿನ ಪಕ್ಕದ ನೀಲಿ ಯುಎಸ್‌ಬಿ 3.0 ಪೋರ್ಟ್‌ನಲ್ಲೇ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಮೇಜಿನ ಮೇಲೆ ತಂದಿರಿಸಿದೆ, ಒತ್ತಕ್ಷರಗಳು ಮರಳಿ ಬಂದವು.

ಕೀಲಿಗಳ ಒತ್ತು ಈಗಲೂ ಮೊದಲಿನಂತೆಯೇ ಮೃದುವಾಗಿದೆ, ಅಕ್ಷರಗಳ ಅಚ್ಚು ಅಳಿಸಿಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಡಿತ ಮಾಡಿರುವುದು, ಸೆಲ್ ಹಾಕುವ ಚಿತ್ರವನ್ನಷ್ಟೇ ಮುದ್ರಿಸಿ ಫರ್ಮ್‌ವೇರ್ ಬಗ್ಗೆ ಒಂದು ಸಾಲನ್ನೂ ಬರೆಯದ ಕೈಪಿಡಿಗಾಗಿ.