ಜಪಾನಿನ ಹರಾಜಿನಿಂದ ನೈರೋಬಿಗೆ ತರಿಸಿಕೊಂಡ ಟೊಯೊಟಾ ಫೀಲ್ಡರ್: ದೀರ್ಘ ಬಳಕೆಯ ನಂತರದ ವಿಮರ್ಶೆ

2018ರಲ್ಲಿ ನೈರೋಬಿಯಲ್ಲಿ ಕೆಲಸದಲ್ಲಿದ್ದಾಗ ಜಪಾನಿನ ರಫ್ತು ಕಂಪನಿಯೊಂದರ ಮೂಲಕ 2012ರ ಟೊಯೊಟಾ ಕೊರೊಲ್ಲಾ ಫೀಲ್ಡರ್ ಎಂಬ ಸ್ಟೇಷನ್ ವ್ಯಾಗನ್ ಗಾಡಿಯನ್ನು ಹರಾಜಿನಲ್ಲಿ ಕೊಂಡು, ಹಡಗಿನಲ್ಲಿ ಮೊಂಬಾಸಾ ಬಂದರಿಗೆ ತರಿಸಿಕೊಂಡು, 2024ರಲ್ಲಿ ಧಾರವಾಡಕ್ಕೆ ಮರಳುವವರೆಗೂ ಅದನ್ನೇ ಓಡಿಸಿದೆ. ಈ ಬರಹದಲ್ಲಿ ಗಾಡಿಯ ವಿಮರ್ಶೆಯೂ ಇದೆ, ಕಣ್ಣಾರೆ ನೋಡದ ಗಾಡಿಯನ್ನು ಖಂಡಾಂತರ ದಾಟಿಸಿ ಮನೆ ಬಾಗಿಲಿಗೆ ತರುವ ವ್ಯವಸ್ಥೆಯ ವಿಮರ್ಶೆಯೂ ಇದೆ. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಓದಿ ಪೂರ್ವ ಆಫ್ರಿಕಾದ ಕಾರ್ಖಾನೆಗಳಿಗೆ, ಔಷಧ ಕಂಪನಿಗಳಿಗೆ, ಲೆಕ್ಕಪತ್ರದ ಕಚೇರಿಗಳಿಗೆ ಹೋಗುವವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಅವರೆಲ್ಲ ಅಲ್ಲಿ ಇಳಿದ ಕೆಲವೇ ವಾರಗಳಲ್ಲಿ ಗಾಡಿಯನ್ನು ಎಲ್ಲಿಂದ, ಹೇಗೆ ಕೊಳ್ಳುವುದು ಎಂಬ ಪ್ರಶ್ನೆಯನ್ನು ಎದುರಿಸುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕೆನ್ಯಾದಲ್ಲಿ ನಮ್ಮಲ್ಲಿಯಂತೆಯೇ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ, ಸ್ಟಿಯರಿಂಗ್ ಬಲಕ್ಕಿರಬೇಕು. ಜಪಾನಿನಲ್ಲಿಯೂ ಹಾಗೆಯೇ. ಅಲ್ಲಿ ಹೊಸ ಕಾರಿಗೆ ಮೂರನೆಯ ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ಕಡ್ಡಾಯ ತಪಾಸಣೆ ಇರುತ್ತದೆ. ಅದರ ಖರ್ಚು ಹೆಚ್ಚಾದ ಕಾರಣ ಇನ್ನೂ ಚೆನ್ನಾಗಿ ಓಡುವ ಗಾಡಿಗಳನ್ನೇ ಜನ ಮಾರಿಬಿಡುತ್ತಾರೆ. ಹೀಗೆ ಹೊರಬಿದ್ದ ಗಾಡಿಗಳು ವಾರವಾರ ನಡೆಯುವ ವ್ಯಾಪಾರಿಗಳ ಹರಾಜಿಗೆ ಬರುತ್ತವೆ. ಆ ಹರಾಜುಗಳಲ್ಲಿ ನಾವು ನೇರವಾಗಿ ಕೂಗುವಂತಿಲ್ಲ. ಸದಸ್ಯತ್ವವಿರುವ ರಫ್ತು ಕಂಪನಿಯವರು ನಮ್ಮ ಪರವಾಗಿ ಕೂಗುತ್ತಾರೆ, ಗಾಡಿ ಸಿಕ್ಕರೆ ತಮ್ಮ ಶುಲ್ಕ ಸೇರಿಸಿ ಬಿಲ್ಲು ಕಳುಹಿಸುತ್ತಾರೆ.

ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವುದಾಗಿ ಕಂಡದ್ದು ಹರಾಜಿನ ತಪಾಸಣಾ ಹಾಳೆ. ಹೊಲಕ್ಕೆ ಉತಾರ (ಪಹಣಿ) ಹೇಗೋ ಈ ವ್ಯಾಪಾರದಲ್ಲಿ ಗಾಡಿಗೆ ಈ ಹಾಳೆ ಹಾಗೆ. ಅದನ್ನು ಬರೆಯುವವನು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ಹರಾಜು ಸಂಸ್ಥೆಯ ತಪಾಸಕ. ಹಾಳೆಯ ಮೇಲ್ಭಾಗದಲ್ಲಿ ಒಟ್ಟು ದರ್ಜೆ ಇರುತ್ತದೆ. ಬಳಸಿದ ಗಾಡಿಗೆ 4.5 ಬಂದರೆ ಬಹಳ ಚೆನ್ನಾಗಿದೆ ಎಂದರ್ಥ, 4 ಬಂದರೆ ನಿಶ್ಚಿಂತೆಯಿಂದ ಕೊಳ್ಳಬಹುದು, 3.5ಕ್ಕೆ ಗೀರು-ತಗ್ಗುಗಳ ಮೇಲೆ ಸ್ವಲ್ಪ ಖರ್ಚು ಮಾಡಬೇಕಾದೀತು. ಆರ್ ಅಥವಾ ಆರ್‌ಎ ಎಂದಿದ್ದರೆ ಅಪಘಾತವಾಗಿ ದುರಸ್ತಿಗೊಂಡ ಗಾಡಿ. ಒಳಭಾಗಕ್ಕೆ ಎ, ಬಿ, ಸಿ, ಡಿ ಎಂದು ಬೇರೆ ಅಕ್ಷರ ಕೊಡುತ್ತಾರೆ. ಕೆಳಗೆ ಗಾಡಿಯ ರೇಖಾಚಿತ್ರವಿದ್ದು, ಗೀರಿಗೆ ಎ, ತಗ್ಗಿಗೆ ಯು, ಬಡಿದು ಬಣ್ಣ ಹಚ್ಚಿದ ಜಾಗಕ್ಕೆ ಡಬ್ಲ್ಯು, ತುಕ್ಕಿಗೆ ಎಸ್, ಬದಲಾಯಿಸಿದ ಭಾಗಕ್ಕೆ ಎರಡು ಎಕ್ಸ್ ಎಂದು ಆಯಾ ಜಾಗದಲ್ಲೇ ಗುರುತು ಹಾಕಿ, ಪಕ್ಕದಲ್ಲಿ ಅದರ ಪ್ರಮಾಣವನ್ನು ಅಂಕಿಯಲ್ಲಿ ಸೂಚಿಸಿರುತ್ತಾರೆ. ನನ್ನ ಗಾಡಿಯದು ನಗೋಯಾ ಹರಾಜಿನ ಹಾಳೆ, ದರ್ಜೆ 4, ಒಳಭಾಗ ಬಿ, ಮುಂದಿನ ಬಂಪರಿನ ಮೇಲೆ ಎ1, ಎಡಗಡೆ ಹಿಂಬಾಗಿಲಿನ ಮೇಲೆ ಯು1. ಮೊಂಬಾಸಾದಲ್ಲಿ ಹಾಳೆಯನ್ನು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಬಂದು ನೋಡಿದಾಗ ಗೀರು ಅಲ್ಲಿಯೇ ಇತ್ತು, ತಗ್ಗೂ ಅಲ್ಲಿಯೇ ಇತ್ತು, ಹಾಳೆಯಲ್ಲಿ ಇಲ್ಲದ್ದು ಒಂದೂ ಇರಲಿಲ್ಲ. ಸಾವಿರಾರು ಮೈಲಿ ದೂರದ ಅಪರಿಚಿತ ತಪಾಸಕ ಬರೆದದ್ದು ಅಕ್ಷರಶಃ ನಿಜವಾಗಿದ್ದುದನ್ನು ಕಂಡಾಗ ಆದ ಸಮಾಧಾನವನ್ನು ನಾನು ಇಂದಿಗೂ ಮರೆತಿಲ್ಲ.

ಆದರೆ ಹಾಳೆಯನ್ನು ಕೇಳಿ ಪಡೆಯಬೇಕು. ರಫ್ತು ಕಂಪನಿಗಳ ಪುಟಗಳಲ್ಲಿ ಹೊಳೆಯುವ ಚಿತ್ರಗಳು ಇರುತ್ತವೆ, ಮೂಲ ಹಾಳೆ ಎಲ್ಲರಲ್ಲೂ ಇರುವುದಿಲ್ಲ. ಅನುವಾದವನ್ನಷ್ಟೇ ಕೊಡುತ್ತೇವೆ ಎನ್ನುವವರೊಂದಿಗೆ ವ್ಯವಹಾರ ಬೇಡವೆಂದೇ ನನ್ನ ಸಲಹೆ. ಓಡಿದ ಕಿಲೋಮೀಟರಿನ ವಿಷಯಕ್ಕೆ ಇನ್ನೊಂದು ಸಾಕ್ಷಿಯಿದೆ. ಜಪಾನಿನಲ್ಲಿ ನೋಂದಣಿ ರದ್ದುಮಾಡಿ ಕೊಡುವ ರಫ್ತು ಪ್ರಮಾಣಪತ್ರದಲ್ಲಿ ಹಿಂದಿನ ತಪಾಸಣೆಯ ವೇಳೆ ದಾಖಲಾದ ಮೀಟರ್ ಅಂಕಿ ಇರುತ್ತದೆ. ಹರಾಜಿನ ಹಾಳೆ, ರಫ್ತು ಪ್ರಮಾಣಪತ್ರ, ಗಾಡಿಯ ಡ್ಯಾಶ್‌ಬೋರ್ಡು ಈ ಮೂರರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೀಟರ್ ತಿರುಗಿಸಿದ್ದು ಅಡಗಿ ಕೂರುವುದು ಕಷ್ಟ. ಗಾಡಿ ಯಾವ ಊರಿನ ಹರಾಜಿನದೆಂಬುದೂ ಮುಖ್ಯ. ಹೊಕ್ಕೈದೊ ಮುಂತಾದ ಹಿಮ ಬೀಳುವ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಗಾಡಿಯ ತಳಕ್ಕೆ ತುಕ್ಕು ಹಿಡಿದಿರುತ್ತದೆ, ಮೇಲಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ.

ಹಣದ ಲೆಕ್ಕಕ್ಕೆ ಬರೋಣ, ಏಕೆಂದರೆ ಮೊದಲ ಬಾರಿ ಕೊಳ್ಳುವವರು ಜಪಾನಿನ ಬೆಲೆಯನ್ನಷ್ಟೇ ನೋಡಿ ಹಿಗ್ಗುತ್ತಾರೆ. ನಾನು ತರಿಸಿದ ವರ್ಷ 1,500 ಸಿಸಿವರೆಗಿನ ಗಾಡಿಗೆ ಕೆನ್ಯಾದಲ್ಲಿ ಆಮದು ಸುಂಕ ಶೇಕಡಾ 25, ಅದು ಸೇರಿದ ಮೊತ್ತದ ಮೇಲೆ ಅಬಕಾರಿ ಸುಂಕ ಶೇಕಡಾ 20, ಅದೆಲ್ಲ ಸೇರಿದ ಮೊತ್ತದ ಮೇಲೆ ವ್ಯಾಟ್ ಶೇಕಡಾ 16 ಇತ್ತು. ಒಂದರ ಮೇಲೊಂದು ಏರುವುದರಿಂದ 100 ಶಿಲ್ಲಿಂಗಿನ ಗಾಡಿ ಈ ಮೂರರಿಂದಲೇ 174 ಶಿಲ್ಲಿಂಗು ಆಗುತ್ತಿತ್ತು, ಆಮೇಲೆ ಆಮದು ಘೋಷಣೆ ಶುಲ್ಕ ಮತ್ತು ರೈಲ್ವೆ ಅಭಿವೃದ್ಧಿ ಶುಲ್ಕ ಬೇರೆ. 2023ರಿಂದ ಆಮದು ಸುಂಕವೇ ಶೇಕಡಾ 35 ಆಗಿದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಈ 100 ಎಂಬುದು ನೀವು ಕೊಟ್ಟ ಬೆಲೆಯಲ್ಲ. ಕೆನ್ಯಾ ಕಂದಾಯ ಪ್ರಾಧಿಕಾರವು ಆಯಾ ಮಾದರಿಯ ಹೊಸ ಗಾಡಿಯ ಬೆಲೆಪಟ್ಟಿಯನ್ನು ಇಟ್ಟುಕೊಂಡು, ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ತಾನೇ ಮೌಲ್ಯ ಕಟ್ಟುತ್ತದೆ. ಹೀಗಾಗಿ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತೆರಿಗೆ ಇಳಿಯುವುದಿಲ್ಲ. ಮೊದಲ ನೋಂದಣಿಯಿಂದ 8 ವರ್ಷ ದಾಟಿದ ಗಾಡಿಗೆ ಪ್ರವೇಶವೇ ಇಲ್ಲ. ಕೆ.ಎಸ್. 1515 ಎಂಬ ಮಾನಕದ ಪ್ರಕಾರ ಹಡಗು ಏರುವ ಮೊದಲೇ ಜಪಾನಿನಲ್ಲಿ ರಸ್ತೆಯೋಗ್ಯತೆಯ ತಪಾಸಣೆ ಆಗಬೇಕು. 2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರ ವಿಕಿರಣದ ಪರೀಕ್ಷೆಯೂ ಅದರಲ್ಲಿ ಸೇರಿದೆ.

ಹಣ ಕಳುಹಿಸುವ ಘಟ್ಟದಲ್ಲಿ ಅತಿಹೆಚ್ಚು ಎಚ್ಚರ ಬೇಕು. ಬಿಲ್ಲಿನಲ್ಲಿರುವ ಕಂಪನಿಯ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿರಬೇಕು, ಖಾತೆ ಜಪಾನಿನದ್ದೇ ಆಗಿರಬೇಕು. ಜಪಾನಿನ ಹಳೆಯ ವಾಹನ ರಫ್ತುದಾರರ ಸಂಘವಾದ ಜುಮ್ವಿಯಾದ ಸದಸ್ಯರ ಪಟ್ಟಿಯಲ್ಲಿ ಕಂಪನಿಯ ಹೆಸರಿದೆಯೇ ಎಂದು ನೋಡಿಕೊಳ್ಳಬಹುದು. ಖಾತೆ ಬದಲಾಗಿದೆ ಎಂದು ನಡುವೆ ಮಿಂಚಂಚೆ ಬಂದರೆ ಫೋನು ಮಾಡಿ ಖಚಿತಪಡಿಸಿಕೊಳ್ಳದೆ ಒಂದು ಪೈಸೆಯನ್ನೂ ಕಳುಹಿಸಬಾರದು.

ನನಗೆ ಬೇಸರ ತಂದದ್ದು ಬಂದರಿನ ಭಾಗ. ರಫ್ತು ಕಂಪನಿ ಗಾಡಿಯನ್ನು ಹೇಳಿದ ಹಡಗಿಗೇ ಹತ್ತಿಸಿತು, ಆದರೆ ಗಾಡಿ ಬಿಡಿಸಿಕೊಳ್ಳಲು ಬೇಕಾದ ಹಡಗಿನ ಸರಕು ರಸೀದಿಯನ್ನು, ಅಂದರೆ ಮೂಲ ಬಿಲ್ ಆಫ್ ಲೇಡಿಂಗನ್ನು, ಕೊರಿಯರ್‌ಗೆ ಹಾಕುವುದನ್ನು ತಡಮಾಡಿತು. ಗಾಡಿ ಬಂದು ನಿಂತರೂ ಕಾಗದ ಬಂದಿರಲಿಲ್ಲ. ಉಚಿತವಾಗಿ ನಿಲ್ಲಿಸುವ ಗಡುವು ಮುಗಿದು ದಿನಬಾಡಿಗೆ ಏರತೊಡಗಿದ ಮೇಲೆಯೇ ಬಂದರಿನಿಂದ ಗಾಡಿ ಬಿಡಿಸಿಕೊಡುವ ಅಲ್ಲಿನ ಕ್ಲಿಯರಿಂಗ್ ಏಜೆಂಟರು ಅಂಥದೊಂದು ಬಾಡಿಗೆ ಇದೆ ಎಂದು ತಿಳಿಸಿದರು. ಅದನ್ನು ನಾನೇ ತೆತ್ತೆ. ಹಡಗಿಗೂ ಯಾರ್ಡಿಗೂ ನಡುವೆ ಎಲ್ಲೋ ಜಾಕು, ವ್ಹೀಲ್ ಪಾನಾ ಮಾಯವಾಗಿದ್ದವು, ಎರಡನೆಯ ಕೀಲಿಯೂ ಇರಲಿಲ್ಲ. ಹಡಗು ಹೊರಡುವ ದಿನವೇ ಕಾಗದಗಳ ಕೊರಿಯರ್ ಸಂಖ್ಯೆಯನ್ನು ಕೇಳಿ ಪಡೆಯಬೇಕು, ಏಜೆಂಟರ ಶುಲ್ಕದಲ್ಲಿ ಏನೇನು ಸೇರಿದೆ ಎಂಬುದನ್ನು ಬರಹದಲ್ಲಿ ಕೊಡಿಸಿಕೊಳ್ಳಬೇಕು.

ಇನ್ನು ಗಾಡಿ. 1.5 ಲೀಟರಿನ 1ಎನ್‌ಝೆಡ್-ಎಫ್‌ಇ ಎಂಜಿನ್ನು ಇಷ್ಟು ವರ್ಷಗಳಲ್ಲಿ ಆಯಿಲ್, ಫಿಲ್ಟರ್, ಪ್ಲಗ್ ಬಿಟ್ಟು ಹೆಚ್ಚೇನೂ ಕೇಳಲಿಲ್ಲ. ಸಿವಿಟಿ ಎಂಬ ಸ್ವಯಂಚಾಲಿತ ಗೇರಿನ ಎಣ್ಣೆಯನ್ನು ಕಂಪನಿ ಹೇಳಿದ ಎಣ್ಣೆಯಿಂದಲೇ ಬದಲಿಸುತ್ತಿದ್ದೆ, ಆ ಒಂದು ವಿಷಯದಲ್ಲಿ ಉಳಿತಾಯ ಮಾಡಬಾರದು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಮೊಂಬಾಸಾದಿಂದ ಮೇಲೇರುವಾಗ ನಾಲ್ಕು ಜನ ಮತ್ತು ಸಾಮಾನು ತುಂಬಿದ್ದರೆ ಎಂಜಿನ್ನು ಗದ್ದಲ ಮಾಡುತ್ತಿತ್ತು, ಆದರೆ ಎಂದೂ ಬಿಸಿಯಾಗಿ ನಿಲ್ಲಲಿಲ್ಲ. ಹಿಂದಿನ ಸೀಟು ಮಡಚಿದರೆ ಸಿಗುವ ಜಾಗ ಈ ಗಾಡಿಯ ದೊಡ್ಡ ಗುಣ. ಕೊರತೆ ಎಂದರೆ ನೆಲದಿಂದ ಇರುವ ಎತ್ತರ ಕಡಿಮೆ, ಅಲ್ಲಿನ ರಸ್ತೆಯುಬ್ಬುಗಳಿಗೆ ತಳ ತಾಗುತ್ತಿತ್ತು. ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳನ್ನು ಮೊದಲ ಎರಡು ವರ್ಷಗಳಲ್ಲೇ ಬದಲಿಸಬೇಕಾಯಿತು. ಬಿಡಿಭಾಗಗಳು ನೈರೋಬಿಯ ಕಿರಿನ್ಯಾಗ ರಸ್ತೆಯಲ್ಲಿ ಹೊಸವೂ ಹಳೆಯವೂ ಧಾರಾಳವಾಗಿ ಸಿಗುತ್ತವೆ. ಅಲ್ಲಿ ಎಲ್ಲರೂ ಟೊಯೊಟಾವನ್ನೇ ಕೊಳ್ಳುವುದಕ್ಕೆ ಇದೇ ಕಾರಣ. ರೇಡಿಯೊ ಮಾತ್ರ ಹೆಚ್ಚುಕಡಿಮೆ ನಿರುಪಯೋಗಿಯಾಗಿತ್ತು, ಏಕೆಂದರೆ ಆ ಕಾಲದ ಜಪಾನಿನ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ, ಕೆನ್ಯಾದ್ದು ನಮ್ಮಂತೆಯೇ 88ರಿಂದ 108. ಪರದೆಯ ತುಂಬ ಜಪಾನಿ ಲಿಪಿ. ಕೊನೆಗೆ ಆ ಸೆಟ್ಟನ್ನೇ ತೆಗೆಸಿ ಬೇರೆ ಹಾಕಿಸಿದೆ. ಮರಳುವಾಗ ಗಾಡಿಯನ್ನು ಮಾರುವುದು ಒಂದು ವಾರದ ಕೆಲಸವೂ ಆಗಲಿಲ್ಲ. ಆ ಮೂಲ ಹಾಳೆಯನ್ನು ಕಾಪಾಡಿಟ್ಟಿದ್ದೆ, ಕೊಂಡವರು ಅದನ್ನು ನೋಡಿದ ಮೇಲೆ ಬೆಲೆಗೆ ಎಳೆದಾಡಲಿಲ್ಲ.

"ಅಷ್ಟು ಚೊಲೋ ಗಾಡಿ ಅಲ್ಲೇ ಬಿಟ್ಟು ಬಂದ್ರೇನ್ರಿ ಸರ, ಇಲ್ಲಿಗೇ ತರಬೇಕಿತ್ತು" ಎಂದು ವಿದ್ಯಾಗಿರಿಯ ನಮ್ಮ ನೆರೆಯವರು ಕೇಳಿದರು. ತರುವುದು ಸಾಧ್ಯವೇ ಇರಲಿಲ್ಲ. ಭಾರತಕ್ಕೆ ಬರುವ ಹಳೆಯ ಕಾರು ತಯಾರಾಗಿ 3 ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು, ಬಂದ ಮೇಲೂ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಇವೆಲ್ಲವನ್ನೂ ದಾಟಿದರೂ ಹಳೆಯ ಕಾರಿಗೆ ಮೂಲ ಸುಂಕವೇ ಬಹುಕಾಲ ಶೇಕಡಾ 125 ಇತ್ತು, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ನಮ್ಮ ಆರ್‌ಟಿಒದಲ್ಲಿ ಆಜೀವ ತೆರಿಗೆ. ವಿದೇಶದಿಂದ ಮರಳುವ ಸಾಮಾನ್ಯ ಸಂಬಳದಾರರು ಈ ಆಸೆಯನ್ನು ಇಟ್ಟುಕೊಳ್ಳದಿರುವುದೇ ಒಳ್ಳೆಯದು.

ಆದ್ದರಿಂದ ಊರಿಗೆ ಬಂದ ಮೇಲೆ ಹುಬ್ಬಳ್ಳಿಯಲ್ಲಿಯೇ ಒಂದು ಹಳೆಯ ಕಾರನ್ನು ಹುಡುಕಿದೆ. ಆಗ ಜಪಾನಿನ ಆ ಹಾಳೆಯ ಬೆಲೆ ಇನ್ನೊಮ್ಮೆ ಅರಿವಾಯಿತು. ಒಬ್ಬರೇ ಮಾಲಕರು, ಡಾಕ್ಟರ ಗಾಡಿ, ಎಲ್ಲಾ ಕಂಪನಿ ಸರ್ವಿಸ್ ಎಂಬ ಮಾತು ಪ್ರತಿ ಗಾಡಿಯ ಬಗ್ಗೆಯೂ ಕೇಳಿಬಂತು. ಹಿಂದಿನ ಮಾಲಕರೆಷ್ಟು, ಸಾಲದ ಬೋಜಾ ಇದೆಯೇ, ವಿಮೆ ಎಂದಿನವರೆಗೆ ಎಂಬುದನ್ನು ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನೋಡಬಹುದು. ಯಾವ ಬಾಗಿಲನ್ನು ಬಡಿದು ಬಣ್ಣ ಹಚ್ಚಿದ್ದಾರೆ ಎಂಬುದನ್ನು ಯಾವ ಪೋರ್ಟಲ್ಲೂ ಹೇಳುವುದಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು, ಗಾಡಿ ತಮ್ಮ ಸ್ವಾಧೀನಕ್ಕೆ ಬಂದದ್ದನ್ನು ತಿಳಿಸಬೇಕು, ಅದರ ಓಡಾಟದ ದಾಖಲೆ ಇಡಬೇಕು. ಇದು ಒಳ್ಳೆಯ ಆರಂಭ. ಇದರ ಜೊತೆಗೆ ವ್ಯಾಪಾರದಲ್ಲಿ ಲಾಭ-ನಷ್ಟವಿಲ್ಲದ ಮೂರನೆಯವರೊಬ್ಬರು ಬರೆದ ತಪಾಸಣಾ ಹಾಳೆಯೂ ಕಡ್ಡಾಯವಾದರೆ ಗೋಕುಲ ರಸ್ತೆಯಲ್ಲಿ ಗಾಡಿ ಕೊಳ್ಳುವ ಮಧ್ಯಮವರ್ಗದವರಿಗೆ ಎಷ್ಟೋ ಉಪಕಾರವಾದೀತು. ಅಲ್ಲಿಯವರೆಗೆ ಸ್ವಂತ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಗಾಡಿಯನ್ನು ರ‍್ಯಾಂಪಿನ ಮೇಲೆ ಎತ್ತಿಸಿ ನೋಡುವುದೊಂದೇ ದಾರಿ.

ಒಟ್ಟಿನಲ್ಲಿ ಗಾಡಿಗೆ ಐದರಲ್ಲಿ ನಾಲ್ಕೂವರೆ, ರಫ್ತು ಕಂಪನಿಗೆ ಮೂರೂವರೆ ಅಂಕ ಕೊಡುತ್ತೇನೆ. ಬಂದರಿನ ಏಜೆಂಟರನ್ನು ಮತ್ತೆ ನೇಮಿಸಿಕೊಳ್ಳುವುದಿಲ್ಲ.

ಈಗ ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ಅಕ್ಕನ ಮಗನಿಗೆ ಕಂಪಾಲಾದಲ್ಲಿ ಕೆಲಸ ಸಿಕ್ಕಿದೆ. ಉಗಾಂಡಾದ ನಿಯಮ ಬೇರೆ. ಅಲ್ಲಿ 15 ವರ್ಷ ತುಂಬಿದ ಗಾಡಿಯ ಆಮದನ್ನು 2018ರ ಕಾಯ್ದೆ ತಿದ್ದುಪಡಿ ನಿಷೇಧಿಸಿದೆ, ಅದಕ್ಕಿಂತ ಹೊಸದಾದರೂ ವಯಸ್ಸಿಗೆ ತಕ್ಕ ಪರಿಸರ ಶುಲ್ಕ ಬೀಳಬಹುದು, ಸ್ವಂತ ಕಡಲತೀರವಿಲ್ಲದ ಕಾರಣ ಗಾಡಿ ಮೊಂಬಾಸಾದಲ್ಲೋ ದಾರ್ ಎಸ್ ಸಲಾಮಿನಲ್ಲೋ ಇಳಿದು ರಸ್ತೆಯ ಮೇಲೆ ಸಾಗಬೇಕು. ಆತ ಹೊಕ್ಕೈದೊದ ಸಪ್ಪೊರೊ ಹರಾಜಿನ ಟೊಯೊಟಾ ಪ್ರೆಮಿಯೊ ಗಾಡಿಯೊಂದರ ಹಾಳೆಯನ್ನು ಕಳುಹಿಸಿ "ಮಾಮಾ, ದರ್ಜೆ 4 ಐತಿ, ತಗೊಳ್ಳಲೇನು?" ಎಂದು ಕೇಳಿದ್ದಾನೆ. ಬಲಗಡೆಯ ಎರಡೂ ಬಾಗಿಲುಗಳ ಮೇಲೆ ಡಬ್ಲ್ಯು2 ಇದೆ, ಷರಾ ಬರೆಯುವ ಜಾಗದಲ್ಲಿ ತಳಕ್ಕೆ ತುಕ್ಕು ಹಿಡಿದಿದೆ ಎಂದಿದೆ. ಅದನ್ನು ಬಿಟ್ಟು ನಗೋಯಾ ಅಥವಾ ಒಸಾಕಾದ ಹರಾಜಿನದನ್ನು ನೋಡು ಎಂದು ಹೇಳಿದ್ದೇನೆ. ಮುಂಗಡವನ್ನು ಆತ ಇನ್ನೂ ಕಳುಹಿಸಿಲ್ಲ.